ಕಲ್ಲಿನ ಹೊಟ್ಟ್ಯಾಗಿನ ಗುಳ್ಳಿ

ಕಲ್ಲು ಓದವ್ರು ಕಲ್ಲಿನಂಗ ಗಪ್ ಕುಂತಿರತಾರ ಅಂತ ಜನ ತಿಳಿದಾರ. ಖರೇ ಹೇಳತೇನಿ, ಅರವತ್ತನೇ ಇಸವಿ ಆಚೀಚಿ ಧಾರವಾಡದಾಗ ಭೂವಿಜ್ಞಾನ ಓದುವಾಗ ನಗಲಾರದ ದಿನ ನನಗ ಸಿಗಲೇ ಇಲ್ಲ. ನಪಾಸಾದ ದಿನಾನೂ ನಕ್ಕೇನಿ.

೧. ನೀರು

ಎರಡನೇ ಸಲ ಪರೀಕ್ಷಾಕ್ಕ ಕುಂಡರಬೇಕಾಗಿತ್ತು. ಈ ಸಲಾನೂ ಹೋದ್ರ ಓದು ಬಂದ್, ಮನ್ಯಾಗ ಕುಂಡರು ಅಂತ ಅಪ್ಪ ಹೇಳಿಬಿಟ್ಟಿದ್ದ. ಬೆಣಚುಕಲ್ಲಿನ ಚೂರು ಗಾಜಿನ ಮ್ಯಾಲ ತಿಕ್ಕಿ ತಿಕ್ಕಿ ತೆಳ್ಳಗ ಮಾಡಾಕತ್ತಿದ್ದೆ. ಕೆಲಗೇರಿ ಕೆರಿಯಿಂದ ಕೊಡ ಹೊತ್ತು ಬಂದ ಅವ್ವ, "ಏನವಾ ಅದು?" ಅಂದ್ಲು.

"ಭೂಮ್ಯಾಗಿನ ಬಿಸಿನೀರು ಬಂಗಾರ ತಂದು ಕಲ್ಲಿನ ಸೀಳಿನ್ಯಾಗ ಬಿಟ್ಟು ಹೋಗೈತಿ. ಹೋಗುವಾಗ ಒಂದು ಹನಿ ಇದರಾಗ ಸಿಕ್ಕೊಂಡೈತಿ."

"ಎಷ್ಟು ನೀರು?"

"ಬರೇ ಕಣ್ಣಿಗೆ ಕಾಣೂದಿಲ್ಲ."

"ಹಂಗಾರ ಅದು ಎಲ್ಲೂ ಹೋಗೂದಿಲ್ಲ. ಏಳು, ಇನ್ನೆರಡು ಕೊಡ ತಗೊಂಡು ಬಾ."

೨. ಜೀವ

ಆ ಹನಿಯೊಳಗ ಒಂದು ಉಗಿಗುಳ್ಳಿ ಇರತೈತಿ. ಕಲ್ಲು ಕಾಸಿದ್ರ ಗುಳ್ಳಿ ಮಾಯ. ಯಾವ ಬಿಸಿಗೆ ಮಾಯ ಆತೋ, ಬಂಗಾರ ತಂದ ನೀರು ಕಮ್ಮೀತಕಮ್ಮಿ ಅಷ್ಟು ಬಿಸಿ ಇತ್ತಂತ ಲೆಕ್ಕ.

ನಮ್ಮ ಪ್ರಯೋಗಶಾಲಿ ಸಿಪಾಯಿ ಕಾಕಾ ಹಣಿತುಂಬ ವಿಭೂತಿ ಹಚ್ಚವ್ರು, ಇರಿವಿ ಸೈತ ತುಳಿಯದವ್ರು. ಒಂದಿನ ಸೂಕ್ಷ್ಮದರ್ಶಕದಾಗ ಇಣುಕಿದ್ರು. ಗುಳ್ಳಿ ಥಕಥಕ ಕುಣಿಯಾಕತ್ತಿತ್ತು.

"ಅಯ್ಯ ಶಿವನ! ಅಕ್ಕಾರ, ಇದರಾಗ ಜೀವ ಐತ್ರಿ! ಇದನ್ನ ಹುರಿತೀರೇನು?"

ನೀರಿನ ಕಣ ಬಡದು ಗುಳ್ಳಿ ಅಳ್ಳಾಡತೈತಿ ಅಂತ ಎಷ್ಟು ತಿಳಿಸಿ ಹೇಳಿದ್ರೂ ಕೇಳಲಿಲ್ಲ. ಕಲ್ಲು ಕಾಸೂ ಒಲಿ ಇಟ್ಟ ಕಪಾಟದ ಕೀಲಿಕೈ ಮೂರು ದಿನ ಸೊಂಟಕ್ಕ ಸಿಗಿಸಿಕೊಂಡು ಅಡ್ಡಾಡಿದ್ರು. ಕಡೀಕೆ ಕೊಟ್ರು. "ಸತ್ರ ಪಾಪ ನಿಮ್ದು ರೀ."

"ಪಾಸಾದ್ರ ಪುಣ್ಯ?"

"ಅದು ಅರ್ಧಾ ಅರ್ಧಾ."

೩. ಪರೀಕ್ಷಾ

ಹೋದ ವರ್ಷ ನಪಾಸ್ ಮಾಡಿದ ಸಾಹೇಬ್ರೇ ಬಂದ್ರು. ಕಲ್ಲು ಕಾಸಿದೆ, ಗುಳ್ಳಿ ಮಾಯ ಆತು. "ಈಗ ಆರಿಸ್ರಿ," ಅಂದ್ರು. "ಗುಳ್ಳಿ ತಿರುಗಿ ಬಂದ್ರಷ್ಟ ನಿಮ್ಮ ಅಳತಿ ನಂಬತೇನಿ."

ಕಲ್ಲು ಆರಾಕತ್ತಿತು. ಗುಳ್ಳಿ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ಸಾಹೇಬ್ರು ಬೆನ್ನು ತಿರುಗಿಸಿ ಗ್ವಾಡಿ ಗಡಿಯಾರ ನೋಡಾಕತ್ತಿದ್ರು, ಅವರಿಗೆ ಹುಬ್ಬಳ್ಳಿ ಗಾಡಿ ಹಿಡಿಯೂದಿತ್ತು.

ಕಾಕಾ ಮೂಲ್ಯಾಗಿಂದ ಬಂದು, ಯಾರನ್ನೂ ಕೇಳದ, ಸೂಕ್ಷ್ಮದರ್ಶಕದ ಕಣ್ಣಿನ ಸುತ್ತ ವಿಭೂತಿ ಬಳಿದು ಕೈಮುಗಿದ್ರು. ನಾ ಹುಬ್ಬು ತಾಗದಂಗ ಇಣುಕಿದೆ. ಟಣ್ ಅಂತ ಗುಳ್ಳಿ ಬಂದು ಕುಣಿಯಾಕತ್ತಿತು!

"ಬಂತ್ರಿ!" ಅಂತ ಚೀರಿದೆ. ಸಾಹೇಬ್ರು ಬಗ್ಗಿ ಭಾಳ ಹೊತ್ತು ನೋಡಿದ್ರು.

"ತಡ ಯಾಕಾತು?"

"ಹನಿ ಭಾಳ ಸಣ್ಣದ್ರಿ. ಪೂರ್ತಿ ಆರೂತನಕ ಗುಳ್ಳಿ ಹುಟ್ಟೂದಿಲ್ಲ."

"ಛಲೋ ಉತ್ತರ. ಪಾಸ್!" ಅಂತ ತಲಿ ಎತ್ತಿದ್ರು. ಹುಬ್ಬಿನ ಮ್ಯಾಲ ದಪ್ಪಗ ವಿಭೂತಿ ಪಟ್ಟಿ!

ನನಗ ಅಳು, ನಗು ಎರಡೂ ಒಮ್ಮೆಲೆ ಬಂತು. ಹೇಳಾಕ ಬಾಯಿ ತೆರೆದೆ. ಕಾಕಾ ಮೆಲ್ಲಕ ಅಂದ್ರು:

"ಸುಮ್ನಿರ್ರಿ ಅಕ್ಕಾರ. ನನ್ನ ಅರ್ಧಾ ಪುಣ್ಯ ಹುಬ್ಬಳ್ಳಿತನಕ ಹೋಗಲಿ."