ಗಾಲ್ಫ್ ಮೈದಾನದಲ್ಲಿ ಮೇಟಿ ನೆಟ್ಟದ್ದು

ಹೋದ ತಿಂಗಳು ನನ್ನ ಹೆಂಡತಿ ಗಂಗವ್ವ ತೀರಿಕೊಂಡಳು. ಮಾತಾಡಿಸಲು ಬಂದವರು ಅವಳ ಬಗ್ಗೆ ಏನಾದರೂ ಹೇಳು ಎನ್ನುತ್ತಾರೆ. ನನಗೆ ಮೊದಲು ನೆನಪಾಗುವುದು ಗಾಲ್ಫ್. ಬಂದವರು ಗಾಬರಿಯಾಗುತ್ತಾರೆ!

ಯುದ್ಧದ ಕಾಲದಲ್ಲಿ ನಮ್ಮ ಹುಕ್ಕೇರಿ ಕಡೆಯ ಬಯಲಿನಲ್ಲಿ ಮಿಲಿಟರಿ ವಿಮಾನಗಳು ಇಳಿಯುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಮಿಲಿಟರಿಯವರು ಹೋದರು, ಬಯಲು ಉಳಿಯಿತು. ಕೆಲವು ವರ್ಷಗಳ ನಂತರ ಅದು ಸಾರ್ವಜನಿಕ ಗಾಲ್ಫ್ ಮೈದಾನವಾಯಿತು. ‘ಯಾರು ಬೇಕಾದರೂ ಆಡಬಹುದು’ ಎಂದು ಬೋರ್ಡು ಹಾಕಿದರು. ಎಮ್ಮೆಗಳು ಮಾತ್ರ ಬಂದವು. ಅವುಗಳನ್ನು ಓಡಿಸಲು ನನ್ನನ್ನು ಹಂಗಾಮಿ ಕಾವಲುಗಾರನಾಗಿ ಇಟ್ಟುಕೊಂಡರು.

ನೌಕರಿ ಕಾಯಂ ಆದರೆ ಮಿಲಿಟರಿಯವರು ಬಿಟ್ಟುಹೋದ ಕಲ್ಲಿನ ಕೋಣೆ ನಮಗೆ ಸಿಗುವುದಿತ್ತು. ಆಗಷ್ಟೇ ಮದುವೆಯಾಗಿ ಅಣ್ಣನ ತುಂಬಿದ ಮನೆಯಲ್ಲಿದ್ದೆವು.

“ನಂದು ಅಂತ ಒಂದು ಒಲಿ ಇರಲ್ರಿ, ಮತ್ತೇನೂ ಬ್ಯಾಡ,” ಎನ್ನುತ್ತಿದ್ದಳು ಗಂಗವ್ವ.

ಒಂದು ದಿನ ಮೈದಾನದ ಸಾಹೇಬರು ನನ್ನನ್ನು ಕರೆದರು. “ರವಿವಾರ ಉದ್ಘಾಟನಾ ಐತಿ. ದುಂಡ ಜಾಗಾ ಎಲ್ಲಾ ಸಪಾಟ ಮಾಡು. ನಡುವಿನ ಗುಂಡಿಯೊಳಗ ಕೋಲು ನಿಲ್ಲಿಸಿ ಅರಿವಿ ಕಟ್ಟು. ಗಾಳಿಗೆ ಬೀಳಬಾರದು. ಛಲೋ ಆತಂದ್ರ ನೀ ಕಾಯಂ!”

ನಾನು ಆ ಆಟವನ್ನು ನೋಡಿದವನಲ್ಲ. ಆದರೆ ಗಟ್ಟಿ ಮಣ್ಣಿನ ದುಂಡು ಅಂಗಳ, ನಡುವೆ ಗುಂಡಿ ಇದ್ದರೆ ಅದೇನೆಂದು ರೈತನ ಮಗನಿಗೆ ಹೇಳಿಕೊಡಬೇಕೆ? ಅದು ರಾಶಿ ಮಾಡುವ ಕಣ! ಗುಂಡಿ ಇರುವುದು ಎತ್ತುಗಳು ಸುತ್ತುವ ಮೇಟಿಕಂಬಕ್ಕೆ!

“ಚೆಂಡ ಆಡೂ ಜಾಗಾದಾಗ ಮೇಟಿ ಯಾಕ್ರಿ?” ಎಂದಳು ಗಂಗವ್ವ.

“ನಿನಗ ತಿಳಿಯಂಗಿಲ್ಲ, ಸುಮ್ನಿರು. ಎತ್ತು ತಿರುಗಿದಂಗ ಸಾಹೇಬ್ರು ತಿರುಗ್ತಾರ.”

“ಹಂಗಾರ ಕಾಳು ತಿನ್ನದಂಗ ಅವ್ರ ಬಾಯಿಗೂ ಬುಟ್ಟಿ ಕಟ್ಟೂದೇನ್ರಿ?”

ಜಾಲಿ ಕಂಬಗಳನ್ನು ಕಡಿದು ತಂದೆ. ಕಂಬ ದಪ್ಪ, ಗುಂಡಿ ಸಣ್ಣದು. ಹಾರೆ ಹಿಡಿದು ಗುಂಡಿಯನ್ನೇ ಅಗಲ ಮಾಡಿದೆ. ಸುತ್ತಲೂ ಕಲ್ಲು ಜಡಿದೆ. ಗಂಗವ್ವ ಕಣಗಳನ್ನೆಲ್ಲ ಸೆಗಣಿಯಿಂದ ಸಾರಿಸಿ, ಕಂಬಗಳಿಗೆ ಕುಂಕುಮ ಹಚ್ಚಿದಳು. ಸರಕಾರಿ ಆಜ್ಞೆ ಮೀರಬಾರದೆಂದು ಅವಳ ಹಳೆಯ ಸೀರೆ ಹರಿದು ಕಂಬಗಳ ತುದಿಗೆ ಕಟ್ಟಿದೆ. ಗಾಳಿಯಲ್ಲ, ವಿಮಾನ ಬಡಿದರೂ ಬೀಳಬಾರದು!

ರವಿವಾರ ನಮ್ಮ ಸಾಹೇಬರು ಇನ್ನೊಬ್ಬ ದೊಡ್ಡ ಸಾಹೇಬರನ್ನು ಕರೆತಂದರು. ದೊಡ್ಡವರು ಹೊಡೆದ ಚೆಂಡು ಹಾರಿ ಬಂದು ಹಸಿ ಸೆಗಣಿಯಲ್ಲಿ ಕೂತಿತು. ಶುಭಶಕುನವೆಂದು ಕೈಮುಗಿದೆ.

“ಚೆಂಡ ಬೀಳೂ ಗುಂಡಿ ಎಲ್ಲೈತೊ?” ಎಂದರು ನಮ್ಮ ಸಾಹೇಬರು.

“ಕಂಬದ ಬುಡಕ ಐತ್ರಿ.”

“ಕೀಳ ಅದನ್ನ!”

ಕಿತ್ತರೆ ಬರುವ ಕಂಬವೇ? ನಾನು ಎಳೆದೆ, ಸಾಹೇಬರು ಎಳೆದರು. ಕೊನೆಗೆ ಅಣ್ಣನ ಎತ್ತು ತಂದು, ಹಗ್ಗ ಕಟ್ಟಿ ಎಳೆಸಿದೆ. ಕಂಬದ ಜೊತೆ ಕಲ್ಲುಗಳೂ ಎದ್ದು ಬಂದವು. ಚೆಂಡನ್ನು ಒರೆಸಿ ದೊಡ್ಡವರು ಮೆಲ್ಲಗೆ ತಟ್ಟಿದರು. ಚೆಂಡು ಗುಂಡಿಯೊಳಗೆ ಹೋಯಿತು. ಅದನ್ನು ನೋಡಲು ಬಾಗಿದ ನಮ್ಮ ಸಾಹೇಬರೂ ಹೋದರು. ಮೊಣಕಾಲಿನವರೆಗೆ ಮಾತ್ರ!

“ನಾಳಿಂದ ಬರಬ್ಯಾಡ!” ಎಂದರು ಗುಂಡಿಯೊಳಗಿಂದಲೇ.

ಪಕ್ಕದಲ್ಲೇ ನಿಂತಿದ್ದ ಗಂಗವ್ವ ಬಾಯಿಗೆ ಸೆರಗು ಹಿಡಿದಳು. ಕೋಣೆ ಹೋಯಿತೆಂದು ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು!

ಅಷ್ಟರಲ್ಲಿ ದೊಡ್ಡವರು ಪಕ್ಕದ ಕಣಕ್ಕೆ ಹೋಗಿದ್ದರು. ಮೊದಲೇ ಸಾರಿಸಿದ್ದರಿಂದ ಅದು ಒಣಗಿ ತಟ್ಟೆಯ ಹಾಗಾಗಿತ್ತು. ಚೆಂಡು ತಟ್ಟಿದರೆ ನೆಟ್ಟಗೆ ಉರುಳಿ ಕಂಬಕ್ಕೆ ಹೋಗಿ ಮುಟ್ಟಿತು.

“ಇದನ್ನ ಸಾರಿಸಿದವರು ಯಾರು?”

“ನಾನ್ರಿ,” ಎಂದಳು ಗಂಗವ್ವ.

“ಈಕೀನ್ನ ಕಾಯಂ ಮಾಡ್ರಿ. ವಾರವಾರ ಸಾರಿಸಲಿ.”

“ಕೋಣಿ ಕೊಡ್ತೀರೇನ್ರಿ?”

“ಕೊಡ್ತೀವಿ.”

ಗಂಗವ್ವ ನನ್ನತ್ತ ನೋಡಿದಳು. “ಜೋಡಿ ಇವರೂ ಇರಬಹುದೇನ್ರಿ?”

ನಮ್ಮ ಸಾಹೇಬರು ಗುಂಡಿಯಿಂದ ಮೇಲೆ ಬಂದು ಪ್ಯಾಂಟಿನ ಮಣ್ಣು ಕೊಡವಿದರು. “ಇರಲಿ. ಆದರ ಕೈಯಾಗ ಹಾರಿ ಕೊಡಬ್ಯಾಡ!”

ಅಂದಿನಿಂದ ಊರವರು ನನ್ನನ್ನು ಗಂಗವ್ವನ ಗಂಡ ಎಂದೇ ಕರೆದರು. ಬದುಕಿನಲ್ಲಿ ನನಗೆ ಸಿಕ್ಕ ಕಾಯಂ ನೌಕರಿ ಅದೊಂದೇ.