ಕೊಸರಿಗೆ ಖಾತೆ ಯಾವುದು?

ಲೆಕ್ಕ ಬಾರದವನು ಸುಖಿ. ಚೆನ್ನಾಗಿ ಬಲ್ಲವನೂ ಸುಖಿ. ಅರ್ಧಂಬರ್ಧ ಕಲಿತವನು ಮಾತ್ರ ತಾನೂ ನೆಮ್ಮದಿಯಾಗಿರುವುದಿಲ್ಲ, ಮನೆಯವರನ್ನೂ ಇರಗೊಡುವುದಿಲ್ಲ. ನಾನು ಆ ಮೂರನೆಯ ಜಾತಿ. ಆಂಧ್ರದ ಆದೋನಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವನು. ಯಾವ ರಾಜ ಎಷ್ಟು ಕೆರೆ ಕಟ್ಟಿಸಿದ ಎಂದು ಬಲ್ಲೆ, ಮನೆಗೆ ಎಷ್ಟು ಹಾಲು ಬಂತೆಂದು ಬಲ್ಲವನಲ್ಲ. ನಾನು ನಿವೃತ್ತನಾದ ಮೇಲೆ ಹೆಂಡತಿ ಈರಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರತೊಡಗಿದಳು. ರೊಟ್ಟಿ ಬಡಿದೂ ಬಡಿದೂ ಅವಳ ಬಲಭುಜ ಸೋತುಹೋಯಿತು. ರೊಟ್ಟಿ ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು, ವ್ಯಾಪಾರ ನಡೆಯುತ್ತಿದೆ ಎಂಬುದಕ್ಕೆ ಸರಿಯಾದ ಲೆಕ್ಕ ತನ್ನಿ ಎಂದರು. ಈರಮ್ಮ ನನ್ನ ಕಡೆ ನೋಡಿದಳು. ಅದೇ ನನ್ನ ನೇಮಕದ ಆದೇಶ.

ಫೋನಿನಲ್ಲಿ ತೆಲುಗು ವಿಡಿಯೋ ನೋಡಿ ಜೋಡಿ ನಮೂದಿನ ಲೆಕ್ಕ ಕಲಿತೆ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು: ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ಜೋಳ ಬಂತು, ನಗದು ಹೋಯಿತು. ಎಷ್ಟು ಚೆಂದದ ಧರ್ಮ! ಉತ್ಸಾಹ ತಡೆಯದೆ ನಾನು ತಿಂದ ರೊಟ್ಟಿಗಳನ್ನೂ 'ಮಾಲೀಕರ ಸ್ವಂತ ಬಳಕೆ' ಎಂದು ಬರೆದೆ. ಈರಮ್ಮ ಇಣುಕಿ ನೋಡಿ, "ಮಾಲೀಕಳು ನಾನು, ತಿಂದೋರು ನೀವು. ಹಂಗ ಬರೀರಿ" ಅಂದಳು.

ಇಷ್ಟೆಲ್ಲ ಮಾಡಿದರೂ ದಿನವೂ ಲೆಕ್ಕಕ್ಕೆ ರೊಟ್ಟಿ ಕಡಿಮೆ ಬೀಳುತ್ತಿತ್ತು. ಇಲಿಯ ಮೇಲೆ ಅನುಮಾನಪಟ್ಟೆ. ಪಕ್ಕದ ಮನೆಯವರ ಮೇಲೂ ಪಟ್ಟೆ, ದೇವರು ಕ್ಷಮಿಸಲಿ. ಕೊನೆಗೆ ಅಂಗಡಿಯಲ್ಲೇ ಕುಳಿತು ನೋಡಿದರೆ, ಹತ್ತು ರೊಟ್ಟಿ ಕೊಂಡವರಿಗೆಲ್ಲ ಈರಮ್ಮ ಇನ್ನೊಂದನ್ನು ಮೇಲಿಡುತ್ತಿದ್ದಾಳೆ! ಚಟ್ನಿಪುಡಿ ತೂಗಿದ ಮೇಲೆ ಒಂದು ಚಮಚ ಬೇರೆ.

"ಇದೇನಿದು?"

"ಕೊಸರು."

"ಹೋದದ್ದು ರೊಟ್ಟಿ. ಬಂದದ್ದೇನು?"

"ಮಂದಿ ಬರ್ತಾರಲ್ರಿ."

ಮಂದಿಯನ್ನು ಯಾವ ಖಾತೆಗೆ ಡೆಬಿಟ್ ಮಾಡಲಿ? ವಿಡಿಯೋದ ಹುಡುಗ ಅದನ್ನು ಹೇಳಿಕೊಟ್ಟಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಮರುದಿನದಿಂದ ಕೊಸರು ಬಂದ್ ಎಂದು ಸಾರಿ, ತಕ್ಕಡಿಯ ಮುಂದೆ ನಾನೇ ಕುಳಿತೆ. ಹೊಳಗುಂದದ ಬಸ್ಸು ಹಿಡಿಯುವ ಮೊದಲು ದಿನವೂ ರೊಟ್ಟಿ ಒಯ್ಯುತ್ತಿದ್ದ ಟೀಚರಮ್ಮ ಕೈಚೀಲ ತೆರೆದುಕೊಂಡೇ ನಿಂತರು. "ಮೇಷ್ಟ್ರ, ಕೊಸರು?" "ಇಲ್ಲಮ್ಮ, ಲೆಕ್ಕಕ್ಕೆ ಕೂಡೋದಿಲ್ಲ." "ಪರವಾಲೇದು ಲೆಂಡಿ, ಇರಲಿ ಬಿಡ್ರಿ" ಎಂದು ನಗುತ್ತ ಹೋದರು. ಮತ್ತೆ ಬರಲಿಲ್ಲ. ಅವರ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಕಳಚಿಕೊಂಡರು. ನನ್ನ ಪುಸ್ತಕದ ಎರಡೂ ಬದಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡತೊಡಗಿದವು. ವ್ಯಾಪಾರವೇ ಇಲ್ಲದಿದ್ದರೆ ಕೂಡದೆ ಏನು ಮಾಡುತ್ತವೆ? ಬ್ಯಾಂಕಿಗೆ ತೋರಿಸಲು ಲೆಕ್ಕವಿತ್ತು, ಲೆಕ್ಕದಲ್ಲಿ ತೋರಿಸಲು ಏನೂ ಇರಲಿಲ್ಲ. ಈರಮ್ಮ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿರುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ಭಾನುವಾರ ಇಬ್ಬರೂ ತರಕಾರಿ ಮಾರ್ಕೆಟ್ಟಿಗೆ ಹೋದೆವು. ಬದನೆಕಾಯಿ ತೂಗಿಸಿ, ದುಡ್ಡು ಕೊಟ್ಟು, ನಾನು ಅಲ್ಲೇ ನಿಂತೆ. ಮಾರುವಾಕೆ ತಲೆಯೆತ್ತಿದಳು.

"ಇನ್ನೇನ್ ಬೇಕು ಸಾರ್?"

"ಕರಿಬೇವು ಹಾಕಲಿಲ್ಲಲ್ಲಮ್ಮ."

"ಕರಿಬೇವು ತುಟ್ಟಿ ಐತಿ ಸಾರ್."

"ಎಷ್ಟು ವರ್ಷದಿಂದ ನಿನ್ನ ಹತ್ರಾನೇ ತಗೋತೀನಿ. ಒಂದು ಎಸಳಿಗೆ ಹಿಂಗ ಮಾಡಿದ್ರ, ನಾಳಿಂದ ಆ ಕಡೆ ಅಂಗಡಿಗೆ ಹೋಗ್ತೀನಿ ನೋಡು" ಎಂದು ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ. ಆಕೆ ಗೊಣಗುತ್ತ ಒಂದು ಕಡ್ಡಿ ಕರಿಬೇವು ಚೀಲಕ್ಕೆ ಎಸೆದಳು. ಗೆದ್ದ ಸಂತೋಷದಲ್ಲಿ ಹಿಂತಿರುಗಿದರೆ ಈರಮ್ಮ ನನ್ನನ್ನೇ ನೋಡುತ್ತಿದ್ದಳು.

"ಬಂದದ್ದು ಕರಿಬೇವು," ಅಂದಳು. "ಹೋದದ್ದೇನ್ರಿ?"

 ಮನೆಗೆ ಬಂದು ಹೊಸ ಪುಟದಲ್ಲಿ 'ಕೊಸರು ಖರ್ಚು' ಎಂದು ಒಂದು ಖಾತೆ ತೆರೆದೆ, ಟೀಚರಮ್ಮನ ಮನೆಗೆ ನಾನೇ ಹೋಗಿ ಹನ್ನೊಂದು ರೊಟ್ಟಿ ಕೊಟ್ಟು ಹತ್ತರ ದುಡ್ಡು ತಂದೆ. ಈಗ ಮಂದಿ ಮತ್ತೆ ಬರುತ್ತಿದ್ದಾರೆ. ಬ್ಯಾಂಕಿನವರೂ ಲೆಕ್ಕ ನೋಡಿ, ಸಾಲ ಕೊಡುತ್ತೇವೆ, ಯಂತ್ರ ನೋಡಿಕೊಳ್ಳಿ ಎಂದಿದ್ದಾರೆ. ಯಂತ್ರದ ಬೆಲೆ ವಿಚಾರಿಸಲು ಹೋದಾಗ ಈರಮ್ಮ ನನ್ನನ್ನು ಅಂಗಡಿಯ ಹೊರಗೇ ನಿಲ್ಲಿಸಿದಳು. ಯಂತ್ರದ ಜೊತೆ ಕೊಸರೇನು ಕೊಡುತ್ತೀರಿ ಎಂದು ನಾನು ಕೇಳಿಯೇ ಕೇಳುತ್ತೇನೆಂದು ಅವಳಿಗೆ ಗೊತ್ತಿತ್ತು.