ನನ್ನ ಬೆನ್ನಿಗೊಂದು ಹ್ಯಾಂಡಲ್

ನಮ್ಮ ಕಡೆ ಮೋಟಾರ್ ಸೈಕಲ್ ಇಟ್ಕೊಂಡವನಿಗೆ ಒಮ್ಮೊಮ್ಮೆ ಪೆಟ್ರೋಲ್ ಸಿಗೂದಿಲ್ಲ, ಸಲಹೆ ಮಾತ್ರ ಯಾವಾಗ್ಲೂ ಸಿಗ್ತದೆ. ನಂಗೆ ಸಿಕ್ಕಿದ್ದು ಸ್ವಲ್ಪ ಜಾಸ್ತಿ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ನಾನು ಹೊನ್ನಾವರದಲ್ಲಿದ್ಕೊಂಡು ಭಟ್ಕಳದಿಂದ ಕುಮಟಾದವರೆಗೆ ಅಂಗಡಿ ಅಂಗಡಿಗೆ ನೋವಿನ ಮುಲಾಮು ಮಾರ್ತಿದ್ದೆ. ಕಂಪನಿಯವ್ರು ಅದಕ್ಕೆ ನನ್ನ ಲೈನು ಅಂತಿದ್ರು. ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ತಕಂಡ ಮೇಲೆ ನಂಗೇ ಬೆನ್ನುನೋವು ಶುರುವಾಯ್ತು. ಮುಲಾಮು ಹಚ್ಚಿಕೊಳ್ಳಲಿಲ್ವಾ ಅಂತ ಕೇಳ್ಬೇಡಿ. ಹಚ್ಚಿದ್ದೆ.

ಸುದ್ದಿ ಹುಬ್ಬಳ್ಳಿಯಲ್ಲಿದ್ದ ಮ್ಯಾನೇಜರ್ರಿಗೆ ಮುಟ್ತು. ಟ್ರಂಕ್ ಕಾಲ್ ಮಾಡಿ ಹೇಳಿದ್ರು: "ಸೊಂಟ ಹಿಡಕೊಂಡು ನಿಂತಾವನ ಕಡೆ ಮುಲಾಮು ಯಾರು ತೊಗೋತಾರಪಾ? ಮುಂದಿನ ತಿಂಗಳ ನಾನ ಬಂದು ನಿನ್ನ ಗಾಡಿ ಮ್ಯಾಲೆ ಕುಂತು ಲೈನ್ ನೋಡ್ತೀನಿ. ಬೆನ್ನು ನೆಟ್ಟಗಿದ್ರ ಕೆಲಸ ನಿಂದು. ಇಲ್ಲಾಂದ್ರ ಬ್ಯಾರೆಯವಗ."

ತಪ್ಪು ಹ್ಯಾಂಡಲ್ಲಿಂದು ಅಂತ ಎಲ್ಲರೂ ಒಪ್ಪಿದ್ರು. ಎಂಥ ಹ್ಯಾಂಡಲ್ ಬೇಕು ಅನ್ನೂದ್ರಲ್ಲಿ ಮಾತ್ರ ಒಬ್ರ ಮಾತು ಒಬ್ರು ಒಪ್ಪಲಿಲ್ಲ.

ತಗ್ಗಿನದು

ಭಟ್ಕಳದ ಗ್ಯಾರೇಜ್ ಮಿಸ್ತ್ರಿ ಗಾಡಿ ನೋಡಲೇ ಇಲ್ಲ, ನನ್ನನ್ನ ನೋಡಿದ್ರು. "ನೀವು ನೆಟ್ಟಗೆ ಕೂತು ಗಾಳಿಗೆ ಎದೆ ಕೊಡ್ತೀರಿ ಭಾಯಿ. ಬಗ್ಗಿ. ಗಾಳಿ ಮೇಲಿಂದ ಹೋಗ್ಲಿ" ಅಂತ, ಅಡ್ಡಕ್ಕೆ ದೊಣ್ಣೆ ಇಟ್ಟ ಹಾಗಿದ್ದ ಹ್ಯಾಂಡಲ್ ಹಾಕಿಕೊಟ್ರು. ನನ್ನ ಗಲ್ಲ ಹೆಡ್‌ಲೈಟಿಗೆ ತಾಗೂದೊಂದು ಬಾಕಿ.

ಪೇಟೆಯಲ್ಲಿ ಜನ ಹೆಚ್ಚು, ಗಾಡಿ ನಿಧಾನ. ಒಬ್ಬ ಹಿರಿಯರು ಪಕ್ಕದಲ್ಲೇ ನಡೀತಾ ಬಂದು, "ಎಂತ ಬಿದ್ದುಹೋಯ್ತು?" ಅಂದ್ರು.

"ಎಂತದೂ ಇಲ್ಲ. ಹ್ಯಾಂಡಲ್ಲೇ ಹೀಗೆ."

"ನಾಚ್ಕೆ ಎಂತಕ್ಕೆ? ಎಲ್ಲರೂ ಕಳಕೊಳ್ತಾರೆ" ಅಂತ ಅವರೂ ಬಗ್ಗಿ ಹುಡುಕೂಕೆ ಶುರು ಮಾಡಿದ್ರು. ಹಣ್ಣಿನ ಅಂಗಡಿಯವ್ನು ಸೇರ್ಕೊಂಡ. ಮೀನು ತಕಂಡು ಹೋಗ್ತಿದ್ದವರು ಚೀಲ ಕೆಳಗಿಟ್ಟು ಸೇರ್ಕೊಂಡ್ರು. ಕೊನೆಗೆ ಒಬ್ರಿಗೆ ಒಂದು ಚಾವಿ ಸಿಕ್ತು. ನಂದಲ್ಲ ಅಂದ್ರೆ ಅಷ್ಟೂ ಜನರ ಕಷ್ಟ ದಂಡ. ಉಪಕಾರ ಆಯ್ತು ಅಂತ ಹೇಳಿ ಕಿಸೆಗೆ ಹಾಕೊಂಡೆ. ಯಾವ ಬೀಗದ್ದೋ, ಇವತ್ತಿಗೂ ಗೊತ್ತಿಲ್ಲ.

ಎತ್ತರದ್ದು

ಕರ್ಕಿಯಲ್ಲಿ ಪರಿಚಯದ ಯಕ್ಷಗಾನ ವೇಷಧಾರಿ ಒಬ್ರಿದ್ರು. ಮೇಳದಲ್ಲಿ ಯಾವಾಗ್ಲೂ ರಾಜನ ವೇಷ. ಕತೆ ಕೇಳಿ ನಕ್ಕರು. "ಬಗ್ಗೂದು ಸೇವಕನ ಲಕ್ಷಣ ಮಾರಾಯ. ಸಿಂಹಾಸನದಲ್ಲಿ ಕೂತವ್ನಿಗೆ ಬೆನ್ನುನೋವು ಬಂದದ್ದು ಎಲ್ಲಾದ್ರೂ ಕಂಡಿದ್ಯಾ? ಎದೆ ಎತ್ತು. ಕೈ ಭುಜದ ಸಮಕ್ಕೆ ಬರ್ಲಿ."

ಭುಜದ ಸಮಕ್ಕೆ ಅಂತ ಹೇಳಿ ಮಾಡ್ಸಿದ್ದು ತಲೆ ಸಮಕ್ಕೆ ಬಂತು. ಮರುದಿನ ಧಾರೇಶ್ವರದ ಹತ್ರ ರಸ್ತೆ ಬದಿ ಗಾಡಿ ನಿಲ್ಸಿ, ಎರಡೂ ಕೈ ಮೇಲೆ ಹಿಡ್ಕೊಂಡು, ಎಷ್ಟು ಹೊತ್ತು ತಡೀತದೆ ಅಂತ ಕೂತು ನೋಡ್ತಿದ್ದೆ. ಎದುರಿಂದ ಬಸ್ಸು ಬಂತು. ನಮ್ಮಲ್ಲಿ ಬಸ್ ಸ್ಟಾಪು ಅಂದ್ರೆ ಕೈ ಎತ್ತಿದ ಜಾಗ. ಎರಡು ಕೈ ಎತ್ತಿದ್ರೆ ಅರ್ಜೆಂಟು. ಬಸ್ಸು ನಿಂತೇಬಿಡ್ತು.

ಕಂಡಕ್ಟರ್ ಬಾಗಿಲು ತೆಗೆದು, "ಹತ್ತಿ ಹತ್ತಿ, ಬೇಗ!"

"ನಂಗೆ ಗಾಡಿ ಇದೆಯಲ್ಲ."

ಅವ್ನು ಗಾಡಿ ನೋಡ್ದ, ಬಸ್ಸಿನ ಹಿಂದಿನ ಏಣಿ ನೋಡ್ದ. "ಆತು, ಅದ್ನೂ ಮೇಲೆ ಹಾಕುವಾ. ನೀವೊಂದು ಬದಿ ಹಿಡೀರಿ."

ಅಷ್ಟರಲ್ಲಿ ಬಸ್ಸಿನಿಂದ ಇಳಿದವರು ಚಕ್ರಕ್ಕೆ ಕೈ ಹಾಕಿ ಆಗಿತ್ತು. ಬೇಡ ಬೇಡ ಅಂತ ಕೈ ಬೀಸಿದೆ. ಹಿಂದಿಂದ ಬರ್ತಿದ್ದ ಲಾರಿಯೂ ನಿಂತ್ತು.

ಹೊಟ್ಟೆಗೆ ಬರೂದು

ಕಾಸರಕೋಡದಲ್ಲಿ ಒಬ್ಬ ತಾಂಡೇಲರು, ಅಂದ್ರೆ ದೋಣಿ ನಡೆಸೂ ಯಜಮಾನರು, ನಮ್ಮ ಮುಲಾಮಿನ ಗಿರಾಕಿ. ಅವ್ರ ಲೆಕ್ಕ ಬೇರೆ. "ಚುಕ್ಕಾಣಿ ನಮ್ಮ ಹತ್ರ ಬರ್ಬೇಕು. ನಾವು ಚುಕ್ಕಾಣಿ ಹತ್ರ ಹೋಗೂದಲ್ಲ."

ಪೈಪು ಕಾಯಿಸಿ, ಹಿಂದಕ್ಕೆ ಬಗ್ಗಿಸಿ, ಹಿಡಿ ಎರಡನ್ನೂ ನನ್ನ ಮಡಿಲಿಗೆ ತಂದಿಟ್ರು. ಒಂದು ಸುತ್ತು ಹೋಗಿ ಬಂದೆ. ಬೆನ್ನು ಆರಾಮ! ಕೆಲ್ಸ ಉಳೀತು ಅಂತ ಕಣ್ಣಲ್ಲಿ ನೀರೇ ಬಂತು. ಆ ಖುಷಿಗೆ ಅವ್ರ ಮನೇಲಿ ಊಟ. ಬಂಗಡೆ ಸಾರು, ಬಂಗಡೆ ಫ್ರೈ, ಮತ್ತೆ ಅನ್ನ, ಮತ್ತೆ ಸಾರು. ಅವ್ರ ಹೆಂಡ್ತಿ ಸಾಕು ಅಂದ್ರೆ ಕೇಳೂವರಲ್ಲ.

ಊಟ ಆಗಿ ಹೊರಟೆ. ಸೀದಾ ಹೋಗೂದಕ್ಕೆ ಅಡ್ಡಿಲ್ಲ. ರಸ್ತೆ ತಿರುಗೂ ಜಾಗದಲ್ಲಿ ಹ್ಯಾಂಡಲ್ ತಿರುಗಿಸ್ದೆ, ಅದ್ರ ತುದಿ ಹೊಟ್ಟೆಗೆ ಬಂದು ನಿಂತ್ತು. ಉಸಿರು ಒಳಗೆ ಎಳ್ಕೊಂಡೆ. ಸಾಲ್ಲಿಲ್ಲ. ರಸ್ತೆ ತಿರುಗ್ತು, ನಾನು ತಿರುಗ್ಲಿಲ್ಲ. ಒಣಗಿಸೂಕೆ ಹರಡಿದ್ದ ಮೀನಿನ ಮಧ್ಯೆ ಹೋಗಿ ಕೂತೆ.

"ಇಡೀ ಊರಲ್ಲಿ ನಿಂಗೆ ನನ್ನ ಮೀನೇ ಕಂಡದ್ದಾ?" ಅಂತ ಮೀನಿನ ಹೆಂಗಸು ಎದ್ದು ಬಂದ್ಳು. ತಾಂಡೇಲರು ಓಡಿ ಬಂದು ಹ್ಯಾಂಡಲ್ ನೋಡಿದ್ರು, ನನ್ನ ಹೊಟ್ಟೆ ನೋಡಿದ್ರು. "ಹ್ಯಾಂಡಲ್ ಸರಿಯೇ ಇದೆ. ಊಟಕ್ಕೆ ಮುಂಚೆ ಅಳತೆ ತಕಂಡದ್ದು ತಪ್ಪಾಯ್ತು."

ಹಿಂದಿನ ಸೀಟು

ಮ್ಯಾನೇಜರ್ ಬರೂ ದಿನ ಬಂತು. ಬೆನ್ನು ಹಾಗೇ ಇತ್ತು. ಊಟ ಬಿಟ್ಟು ಗಾಡಿ ಓಡ್ಸೂದು ನನ್ನಿಂದ ಆಗೂದಲ್ಲ ಅಂತ ಮೊದ್ಲಿನ ಹ್ಯಾಂಡಲ್ಲನ್ನೇ ವಾಪಸ್ ಹಾಕಿಸ್ದೆ. ಅದ್ರ ನೋವಾದ್ರೆ ಪರಿಚಯದ್ದು.

ಕುಮಟಾದಲ್ಲಿ ಹುಬ್ಬಳ್ಳಿ ಬಸ್ಸಿಳಿದು ಗಾಡಿ ಹತ್ತಿದ್ರು. ದೊಡ್ಡ ಆಳು. "ನೆಟ್ಟಗ ಕುಂಡ್ರು. ಹಿಂದಿಂದ ನಿನ್ನ ಬೆನ್ನ ನೋಡಾಕತ್ತೀನಿ."

ಹೊಂಡ ಬಂದಾಗ್ಲೆಲ್ಲ ನಾನು ಹಲ್ಲು ಕಚ್ಚಿ ಕಂಬದ ಹಾಗೆ ಕೂತೆ. ಕರ್ಕಿವರೆಗೆ ಅವ್ರು ಮಾರಾಟದ ವಿಷಯ ಮಾತಾಡ್ತಿದ್ರು. ಹೊನ್ನಾವರ ದಾಟಿದ ಮೇಲೆ "ಯಪ್ಪಾ" ಅಷ್ಟೇ. ಆಮೇಲೆ ಅದೂ ಇಲ್ಲ. ಸಿಟ್ಟು ಬಂದಿದೆ, ಕೆಲ್ಸ ಹೋಯ್ತು ಅಂತ ತಿಳ್ಕೊಂಡೆ.

ಭಟ್ಕಳದಲ್ಲಿ ಅಂಗಡಿ ಮುಂದೆ ಸ್ಟ್ಯಾಂಡ್ ಹಾಕಿ ಇಳ್ದೆ. ಅವ್ರು ಇಳೀಲಿಲ್ಲ. ಇಳಿಯೂಕೆ ಆಗ್ಲಿಲ್ಲ. ಅಂಗಡಿಯವ್ರು ಇಬ್ರು ಎತ್ತಿ ತಂದು ಬೆಂಚಿನ ಮೇಲಿಟ್ರು. ಗಾಡಿ ಮೇಲೆ ಕೂತ ಆಕಾರದಲ್ಲೇ ಇದ್ರು. ಒಬ್ಬ ನಮ್ಮ ಮುಲಾಮಿನ ಡಬ್ಬಿ ಹಿಡ್ಕೊಂಡು ಓಡಿ ಬಂದ. ಮ್ಯಾನೇಜರ್ ಕೈ ಅಡ್ಡ ಮಾಡಿದ್ರು. "ಅದು ಬ್ಯಾಡ್ರಿ. ಚಲೋದು ಇದ್ರ ಕೊಡ್ರಿ."

ನಾನು ಮೆಲ್ಲಗೆ ಕೇಳ್ದೆ, "ಸಾರ್, ನನ್ನ ಲೈನು?"

"ನಿಂದ ಇರಲಿ. ಈ ರಸ್ತಾದಾಗ ಬಂದು ಹಿಂಗ ನೆಟ್ಟಗ ನಿಲ್ಲಾಂವ ಬ್ಯಾರೆ ಯಾರೂ ಸಿಗಾಂಗಿಲ್ಲ." ಒಮ್ಮೆ ನರಳಿ, ನನ್ನ ಕೈ ಹಿಡ್ಕೊಂಡು ಹತ್ರ ಎಳ್ಕೊಂಡ್ರು. "ಒಂದು ಹೇಳಪಾ. ನಾಳೆ ವಾಪಸ್ ಹೋಗಬೇಕಲಾ, ಹಿಂದ ಕುಂತಾವರಿಗೆ ಯಾವ ಹ್ಯಾಂಡಲ್ ಚಲೋ?"

ಕೆಲ್ಸ ಉಳಿಸಿಕೊಟ್ಟವರ ಹತ್ರ ಸುಳ್ಳು ಹೇಳೂಕೆ ಮನಸ್ಸು ಬರ್ಲಿಲ್ಲ.

"ಮುಂದೆ ಕೂತವ್ನಿಗೆ ಯಾವ್ದು ಅಂತ್ಲೇ ಇನ್ನೂ ಗೊತ್ತಾಗ್ಲಿಲ್ಲ ಸಾರ್."